ಉಗಾಂಡಕ್ಕೆ ಹೊರಡುವ ಮೊದಲು ಹಿತ್ತಲಲ್ಲಿ ಒಂದು ಕ್ಯಾನ್ ಕಟ್ಟಿ

ಆರೋಗ್ಯ ಶಿಕ್ಷಣದ ಸ್ವಯಂಸೇವೆಗೆ ಉಗಾಂಡಕ್ಕೆ ಹೋಗುವ ಆಸೆಯಿದೆಯೇ? ವೀಸಾ ಆಮೇಲಿರಲಿ, ಯಾರ ಮೂಲಕ ಹೋಗುತ್ತೀರಿ ಎಂದು ಮೊದಲು ತೀರ್ಮಾನಿಸಿ. ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ ಅರ್ಜಿಗೆ, ಆಯ್ಕೆಗೆ ಒಂದು ಪೈಸೆಯನ್ನೂ ಕೇಳುವುದಿಲ್ಲ. ಎರಡು ವಾರಕ್ಕೆ ಕೈತುಂಬ ದುಡ್ಡು ಕಟ್ಟಿಸಿಕೊಂಡು, ಜತೆಗೆ ಸಫಾರಿಯನ್ನೂ ಸೇರಿಸುವ ಏಜೆನ್ಸಿಗಳೂ ಇವೆ. ಅಂಥವರಿಗೆ ಎರಡೇ ಪ್ರಶ್ನೆ ಹಾಕಿ: ಈ ಕೆಲಸ ಬೇಕೆಂದು ಕೇಳಿದ ಊರಿನವರು ಯಾರು? ನಾನು ಹೊರಟುಬಂದ ಮೇಲೆ ಮುಂದುವರಿಸುವವರು ಯಾರು? ಉತ್ತರಕ್ಕೆ ತಡವರಿಸಿದರೆ ಅದು ಪ್ರವಾಸ, ಅಷ್ಟೇ.

ಮುಂದುವರಿಸುವವರು ಅಲ್ಲಿ ಇದ್ದೇ ಇದ್ದಾರೆ. ನಮ್ಮ ಆಶಾ ಕಾರ್ಯಕರ್ತೆಯರಂತೆ ಉಗಾಂಡದಲ್ಲಿ 2001ರಿಂದ ‘ವಿಲೇಜ್ ಹೆಲ್ತ್ ಟೀಮ್’ ವ್ಯವಸ್ಥೆಯಿದೆ. ಎಲ್ಲರ ಬಾಯಲ್ಲಿ ಅದು ವಿಎಚ್‌ಟಿ. ಊರವರೇ ಆರಿಸಿದ ಈ ಕಾರ್ಯಕರ್ತರ ಹಿಂದೆ ನಡೆಯುವುದು ನಿಮ್ಮ ಕೆಲಸ. ಹಾಗಾಗಿ ಹೊರಡುವ ಮೊದಲು ನಿಮ್ಮೂರ ಆಶಾ ಜತೆ ನಾಲ್ಕು ದಿನ ಮನೆಮನೆ ಸುತ್ತಿ. ಅತ್ತೆ ಪಕ್ಕದಲ್ಲೇ ಕೂತಿರುವಾಗ ಬಾಣಂತಿಯ ಹತ್ತಿರ ಮಾತು ಹೇಗೆ ತೆಗೆಯುತ್ತಾರೆ ನೋಡಿ. ಯಾವ ಆನ್‌ಲೈನ್ ಕೋರ್ಸಿನಲ್ಲೂ ಆ ಪಾಠವಿಲ್ಲ.

ಇನ್ನು ಕೈಕೆಲಸ. ನಲ್ಲಿ ಇಲ್ಲದ ಕಡೆ ಕೈತೊಳೆಯಲು ‘ಟಿಪ್ಪಿ ಟ್ಯಾಪ್’ ಕಟ್ಟುತ್ತಾರೆ. ಕವಲಿರುವ ಎರಡು ಗೂಟ ನೆಟ್ಟು ಅಡ್ಡಕೋಲು ಇಡಿ. ಐದು ಲೀಟರ್ ಕ್ಯಾನಿಗೆ, ಮುಚ್ಚಳದಿಂದ ತುಸು ಕೆಳಗೆ, ಕಾಯಿಸಿದ ಮೊಳೆಯಿಂದ ತೂತು ಮಾಡಿ, ಹಿಡಿಯನ್ನು ಅಡ್ಡಕೋಲಿಗೆ ಪೋಣಿಸಿ. ಕ್ಯಾನಿನ ಕತ್ತಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ನೆಲದ ಮೇಲಿನ ಕೋಲಿಗೆ ಬಿಗಿಯಿರಿ. ಕೋಲನ್ನು ಕಾಲಲ್ಲಿ ಒತ್ತಿದರೆ ಕ್ಯಾನ್ ಬಾಗಿ ಸಣ್ಣ ಧಾರೆ ಬೀಳುತ್ತದೆ. ಕೊಳೆ ಕೈ ಯಾವುದನ್ನೂ ಮುಟ್ಟುವುದಿಲ್ಲ, ಅದೇ ಇದರ ಜಾಣತನ. ಕೆಳಗೆ ಜಲ್ಲಿ ಹರಡಿ, ಇಲ್ಲದಿದ್ದರೆ ಎರಡೇ ದಿನಕ್ಕೆ ಕೆಸರು. ತೂತು ದೊಡ್ಡದಾಯಿತೆಂದರೆ ಐದು ಲೀಟರ್ ಕ್ಷಣದಲ್ಲಿ ಖಾಲಿ. ದೂರದಿಂದ ನೀರು ಹೊತ್ತು ತಂದವರ ಮುಂದೆ ಈ ತಪ್ಪು ಮಾಡುವ ಬದಲು ನಿಮ್ಮ ಹಿತ್ತಲಲ್ಲೇ ಮಾಡಿ.

ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಓಆರ್‌ಎಸ್ ಪೊಟ್ಟಣ ಸಿಗದಾಗಿನ ಲೆಕ್ಕ ಬಾಯಿಪಾಠವಿರಲಿ: ಒಂದು ಲೀಟರ್ ಶುದ್ಧ ನೀರು, ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ರಾಜಧಾನಿ ಕಂಪಾಲಾ ಸುತ್ತಿನ ಭಾಷೆ ಲುಗಾಂಡ. ಕ್ಷೇಮ ವಿಚಾರಿಸದೆ ನೇರ ವಿಷಯಕ್ಕೆ ಬರುವುದು ಅಲ್ಲಿ ಒರಟುತನ. ‘ಒಲಿ ಒಟ್ಯಾ’ ಎಂದರೆ ಹೇಗಿದ್ದೀರಿ, ‘ವೆಬಾಲೆ’ ಎಂದರೆ ಧನ್ಯವಾದ. ಚುಚ್ಚುಮದ್ದು, ಮಾತ್ರೆ ಕೊಡುವ ಉಸಾಬರಿ ಬೇಡ. ನೀವು ಇಲ್ಲಿ ನರ್ಸ್ ಆಗಿದ್ದರೂ ಅಲ್ಲಿನ ನರ್ಸಿಂಗ್ ಕೌನ್ಸಿಲ್ ನೋಂದಣಿ ಇಲ್ಲದೆ ಕೂಡದು.

ಹಳದಿ ಜ್ವರದ ಲಸಿಕೆ ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಷ್ಟೇ ಸಿಗುತ್ತದೆ. ಪ್ರಮಾಣಪತ್ರಕ್ಕೆ ಬೆಲೆ ಬರುವುದು 10 ದಿನದ ನಂತರ, ಆಮೇಲೆ ಜೀವನಪೂರ್ತಿ. ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನೊಳಗೇ ಇಡಿ. ಅದಿಲ್ಲದೆ ವಾಪಸು ಬಂದಿಳಿದರೆ 6 ದಿನದವರೆಗೆ ಕ್ವಾರಂಟೈನ್. ಮಲೇರಿಯಾ ತಡೆಗೆ ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ಊರಿಗೆ ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು. ಆಮೇಲೆ ಯಾವಾಗ ಜ್ವರ ಬಂದರೂ ವೈದ್ಯರ ಮುಂದೆ ಕೂತ ತಕ್ಷಣ ‘ಉಗಾಂಡಕ್ಕೆ ಹೋಗಿಬಂದಿದ್ದೇನೆ’ ಎಂದು ಹೇಳಿ, ತಲೆನೋವು, ಮೈಕೈ ನೋವು ಎಲ್ಲ ಆಮೇಲೆ.