ಕೊಬ್ಬು ಕರಗಬೇಕು, ಸ್ನಾಯು ಉಳಿಯಬೇಕು: ಭಾರ ಎತ್ತುವ ಕ್ರಮ ಮತ್ತು ಹಾರ್ಮೋನುಗಳ ಪಾತ್ರ

ತೆಳ್ಳಗಾಗಬೇಕೆಂದು ಹೊರಟವರಲ್ಲಿ ಬಹುಪಾಲು ಜನ ಊಟವನ್ನು ಒಮ್ಮೆಲೇ ಅರ್ಧಕ್ಕಿಳಿಸಿ, ಟ್ರೆಡ್‌ಮಿಲ್ ಮೇಲೆ ಗಂಟೆಗಟ್ಟಲೆ ಓಡಿ, ಡಂಬೆಲ್ ಹಿಡಿದರೂ ಅತ್ಯಂತ ಹಗುರವಾದದ್ದನ್ನೇ ಹಿಡಿದು ಬೆವರು ಸುರಿಯುವವರೆಗೆ ಆಡಿಸುತ್ತಾರೆ. ಎರಡು ತಿಂಗಳಲ್ಲಿ ತೂಕವೇನೋ ಇಳಿಯುತ್ತದೆ, ಆದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಹೋಗಿರುವುದರಿಂದ ಮೈ ಬಿಗಿಯಾಗುವ ಬದಲು ಸೊರಗಿದಂತೆ ಕಾಣುತ್ತದೆ. ಆಗ ತಪ್ಪನ್ನೆಲ್ಲ ಹಾರ್ಮೋನುಗಳ ಮೇಲೆ ಹೊರಿಸಿ, ಅವನ್ನು ಸರಿಪಡಿಸುವುದಾಗಿ ಹೇಳುವ ಡಬ್ಬಿಗಳನ್ನು ಕೊಳ್ಳುವುದು ಶುರುವಾಗುತ್ತದೆ. ದೇಹದ ರೂಪವನ್ನು ಹಾರ್ಮೋನುಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ ಎಂಬುದು ನಿಜ. ಆದರೆ ಆರೋಗ್ಯವಂತರು ಅವುಗಳ ಬೆನ್ನು ಹತ್ತಬೇಕಾಗಿಲ್ಲ; ಸರಿಯಾದ ಭಾರ, ಸಾಕಷ್ಟು ಪ್ರೊಟೀನ್ ಮತ್ತು ತುಂಬು ನಿದ್ರೆ ಇದ್ದಲ್ಲಿ ಅವು ತಾವಾಗಿಯೇ ನೆರವಿಗೆ ಬರುತ್ತವೆ.

ಮೊದಲ ಹಂತ: ಅಳತೆ ಮತ್ತು ವೈದ್ಯರ ಸಲಹೆ

ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕವನ್ನೂ, ಹೊಕ್ಕುಳಿನ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನೂ ಬರೆದಿಡಿ. ದಿನದ ತೂಕ ನೀರು ಮತ್ತು ಉಪ್ಪಿನಿಂದಾಗಿ ಏರಿಳಿಯುವುದರಿಂದ ವಾರದ ಸರಾಸರಿಯನ್ನು ಮಾತ್ರ ನಂಬಬೇಕು. ಹೃದಯದ ತೊಂದರೆ, ರಕ್ತದೊತ್ತಡ, ಬೆನ್ನು ಅಥವಾ ಮಂಡಿಯ ಹಳೆಯ ಪೆಟ್ಟು ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಿಗಂತೂ ಇದು ಕಡ್ಡಾಯ, ಏಕೆಂದರೆ ದುಡಿಯುವ ಸ್ನಾಯು ಇನ್ಸುಲಿನ್‌ನ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಔಷಧದ ಪ್ರಮಾಣವನ್ನು ಹೊಂದಿಸಿಕೊಳ್ಳದಿದ್ದರೆ ಸಕ್ಕರೆಯ ಮಟ್ಟ ಅಪಾಯಕಾರಿಯಾಗಿ ಕುಸಿಯಬಹುದು.

ಎರಡನೆಯ ಹಂತ: ವ್ಯಾಯಾಮಗಳ ಆಯ್ಕೆ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಪ್ರತಿ ಸಲವೂ ಒಂದು ಸ್ಕ್ವಾಟ್ (ಮಂಡಿ ಮಡಚಿ ಕುಕ್ಕರಿಸಿ ಏಳುವುದು), ಡೆಡ್‌ಲಿಫ್ಟ್‌ನಂತೆ ಸೊಂಟದಿಂದ ಬಾಗಿ ಎತ್ತುವ ಒಂದು ವ್ಯಾಯಾಮ, ಒಂದು ತಳ್ಳುವಂಥದ್ದು, ಒಂದು ಎಳೆಯುವಂಥದ್ದು ಇದ್ದರೆ ಸಾಕು. ಹೊಟ್ಟೆ ಕರಗಿಸಲೆಂದು ಹೊಟ್ಟೆಯ ವ್ಯಾಯಾಮವನ್ನೇ ನೂರಾರು ಸಲ ಮಾಡುವುದು ವ್ಯರ್ಥ ಶ್ರಮ. ಕೊಬ್ಬು ಎಲ್ಲಿಂದ ಮೊದಲು ಇಳಿಯಬೇಕು ಎಂಬುದನ್ನು ವ್ಯಾಯಾಮದ ಜಾಗ ನಿರ್ಧರಿಸುವುದಿಲ್ಲ.

ಮೂರನೆಯ ಹಂತ: ಭಾರವನ್ನು ಆರಿಸುವುದು ಮತ್ತು ಏರಿಸುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಬೇಕು. ಊಟ ಕಡಿಮೆಯಾದಾಗ ದೇಹವು ತನಗೆ ಬೇಡವೆನಿಸಿದ ಸ್ನಾಯುವನ್ನು ಬಿಟ್ಟುಕೊಡುತ್ತದೆ. ಅದು ಬೇಕೇಬೇಕು ಎಂಬ ಸೂಚನೆ ಸಿಗುವುದು ಭಾರ ಎತ್ತುವಾಗ ಸ್ನಾಯುವಿನ ಎಳೆಗಳ ಮೇಲೆ ಬೀಳುವ ಸೆಳೆತದಿಂದ. ಬೆವರು ಎಷ್ಟು ಬಂತು, ಮರುದಿನ ಎಷ್ಟು ನೋವಾಯಿತು ಎಂಬುದು ಆ ಸೂಚನೆಯ ಅಳತೆಗೋಲಲ್ಲ. ಒಂದು ಸಲ ಎತ್ತಿ ಇಳಿಸುವುದು ಒಂದು ರೆಪ್; ನಡುವೆ ನಿಲ್ಲಿಸದೆ ಮಾಡುವ ರೆಪ್‌ಗಳ ಸರಣಿ ಒಂದು ಸೆಟ್. ಸೆಟ್ಟಿನ ಕೊನೆ ನಿಜವಾಗಿಯೂ ಕಠಿಣವಾಗಿದ್ದರೆ ಐದು ರೆಪ್‌ಗಳಿಂದ ಮೂವತ್ತು ರೆಪ್‌ಗಳವರೆಗೆ ಯಾವ ಭಾರದಿಂದಲೂ ಸ್ನಾಯು ಬೆಳೆಯುತ್ತದೆ. ಆದರೂ ಹೊಸಬರು 8ರಿಂದ 12 ರೆಪ್‌ಗಳ ನಡುವೆಯೇ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕಿಂತ ಹೆಚ್ಚು ಭಾರವಾದರೆ ಎತ್ತುವ ಕ್ರಮ ಕೆಡುತ್ತದೆ. ತೀರ ಹಗುರವಾದರೆ ಸ್ನಾಯು ದಣಿಯುವ ಮೊದಲೇ ಏದುಸಿರಿಗೋ ಉರಿಗೋ ಸೋತು ಕೈಬಿಡುತ್ತಾರೆ.

ಭಾರವನ್ನು ಹುಡುಕುವುದು ಹೀಗೆ. ಮೊದಲು ಅಂದಾಜಿನ ಅರ್ಧ ಭಾರದಲ್ಲಿ ಒಂದೆರಡು ಸೆಟ್ ಮಾಡಿ ಮೈ ಬೆಚ್ಚಗಾಗಿಸಿಕೊಳ್ಳಿ. ಬಳಿಕ ಅಂದಾಜಿನ ಪೂರ್ಣ ಭಾರವನ್ನು ತೆಗೆದುಕೊಂಡು, ಸರಿಯಾದ ಭಂಗಿಯಲ್ಲಿ ಇನ್ನು ಎರಡು ಸಲ ಮಾತ್ರ ಎತ್ತಬಲ್ಲೆ ಎನಿಸಿದಾಗ ನಿಲ್ಲಿಸಿ. ಆ ಹೊತ್ತಿಗೆ 8ರಿಂದ 12 ರೆಪ್‌ಗಳಾಗಿದ್ದರೆ ಅದೇ ನಿಮ್ಮ ಭಾರ. ತೊಡಕಿರುವುದು ‘ಇನ್ನು ಎರಡೇ ಸಲ’ ಎಂಬ ಅಂದಾಜಿನಲ್ಲಿ: ಹೊಸಬರಿಗೆ ಎರಡು ಉಳಿದಿದೆ ಎನಿಸಿದಾಗ ವಾಸ್ತವವಾಗಿ ಅದಕ್ಕಿಂತ ಹೆಚ್ಚು ಉಳಿದಿರಬಹುದು. ಇದನ್ನು ಪರೀಕ್ಷಿಸಲು, ಕುಳಿತು ಎಳೆಯುವ ಯಂತ್ರದಂಥ ಸುರಕ್ಷಿತ ವ್ಯಾಯಾಮದ ಕೊನೆಯ ಸೆಟ್ಟನ್ನು ಒಮ್ಮೆ ಎತ್ತಲಾಗದೇ ಹೋಗುವವರೆಗೆ ಮಾಡಿ ನೋಡಿ; ಬಾರ್ಬೆಲ್ (ಎರಡೂ ತುದಿಗೆ ತೂಕ ಹಾಕಿದ ಉದ್ದ ಸರಳು) ಹೊತ್ತ ಸ್ಕ್ವಾಟ್‌ನಲ್ಲಿ, ಅದರಲ್ಲೂ ಒಬ್ಬರೇ ಇದ್ದಾಗ, ಎಂದಿಗೂ ಈ ಪರೀಕ್ಷೆ ಬೇಡ. ನೀವು ಎಷ್ಟೇ ಬಲ ಹಾಕಿದರೂ ಭಾರ ಮೇಲೇರುವ ವೇಗ ತಾನಾಗಿ ಕುಗ್ಗುವುದು ಮಿತಿ ಹತ್ತಿರವಾದ ಗುರುತು. ಬೆನ್ನು ಗೂನಾಗತೊಡಗಿದರೆ ಲೆಕ್ಕ ಎಷ್ಟೇ ಉಳಿದಿರಲಿ, ಸೆಟ್ ಅಲ್ಲಿಗೆ ಮುಗಿಯಿತು.

ಏರಿಸುವ ಕ್ರಮ ಇನ್ನೂ ಮುಖ್ಯ. 20 ಕಿಲೋ ಭಾರದಲ್ಲಿ ಮೂರು ಸೆಟ್‌ಗಳಲ್ಲಿ ಎಂಟೆಂಟು ರೆಪ್ ಬಂದರೆ, ಮುಂದಿನ ದಿನಗಳಲ್ಲಿ ಅದೇ ಭಾರದಲ್ಲಿ ಒಂಬತ್ತು, ಹತ್ತು ಎಂದು ಏರುತ್ತ ಹೋಗಿ. ಮೂರೂ ಸೆಟ್‌ಗಳಲ್ಲಿ ಹನ್ನೆರಡು ಬಂದ ಮೇಲೆ, ಅದಕ್ಕೂ ಮೊದಲಲ್ಲ, ಒಂದರಿಂದ ಎರಡೂವರೆ ಕಿಲೋ ಮಾತ್ರ ಹೆಚ್ಚಿಸಿ. ರೆಪ್‌ಗಳು ಮತ್ತೆ ಎಂಟಕ್ಕಿಳಿಯುತ್ತವೆ, ಅಲ್ಲಿಂದ ಪುನಃ ಏರಬೇಕು. ಇದನ್ನೆಲ್ಲ ಪುಸ್ತಕದಲ್ಲಿ ಬರೆದಿಡದವರು ತಿಂಗಳುಗಟ್ಟಲೆ ಅದೇ ಡಂಬೆಲ್ ಹಿಡಿದಿರುವುದನ್ನು ಯಾವ ಜಿಮ್ಮಿನಲ್ಲಾದರೂ ಕಾಣಬಹುದು.

ಕೊಬ್ಬಿಳಿಸುವ ಅವಧಿಯಲ್ಲಿ ಭಾರವನ್ನು ಹಗುರ ಮಾಡಿ ರೆಪ್ ಹೆಚ್ಚಿಸಬೇಕೆಂಬ ಸಲಹೆ ತರಬೇತುದಾರರ ಬಾಯಿಂದಲೂ ಕೇಳಿಬರುತ್ತದೆ. ದಯವಿಟ್ಟು ಅದನ್ನು ಪಾಲಿಸಬೇಡಿ. ಆಯಾಸವಾದರೆ ನಾಲ್ಕು ಸೆಟ್‌ಗಳನ್ನು ಎರಡಕ್ಕೋ ಮೂರಕ್ಕೋ ಇಳಿಸಿ, ಭಾರವನ್ನು ಹಾಗೆಯೇ ಉಳಿಸಿಕೊಳ್ಳಿ. ಭಾರ ಎತ್ತಿದರೆ ಗಂಡಸರಂತೆ ಮೈ ಉಬ್ಬುತ್ತದೆಂದು ಹೆಂಗಸರು ಹೆದರಬೇಕಾಗಿಲ್ಲ. ಅವರ ರಕ್ತದಲ್ಲಿ ಸ್ನಾಯು ಬೆಳೆಸುವ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಪ್ರಮಾಣ ಗಂಡಸರಲ್ಲಿರುವುದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಮುಟ್ಟು ನಿಂತ ಮೇಲೆ ಹೆಣ್ಣು ಹಾರ್ಮೋನಾದ ಈಸ್ಟ್ರೋಜೆನ್ ಇಳಿದು ಮೂಳೆ ಸವೆಯುವುದರಿಂದ ಮತ್ತು ಕೊಬ್ಬು ಹೊಟ್ಟೆಯ ಕಡೆಗೆ ಸರಿಯುವುದರಿಂದ, ಭಾರ ಎತ್ತುವ ಅಗತ್ಯ ಅವರಿಗೇ ಹೆಚ್ಚು.

ನಾಲ್ಕನೆಯ ಹಂತ: ಸೆಟ್‌ಗಳ ನಡುವಿನ ವಿಶ್ರಾಂತಿ

ದೊಡ್ಡ ವ್ಯಾಯಾಮಗಳಲ್ಲಿ ಎರಡರಿಂದ ಮೂರು ನಿಮಿಷ ವಿಶ್ರಮಿಸಿ. ಅರ್ಧ ನಿಮಿಷವಷ್ಟೇ ವಿಶ್ರಮಿಸಿದರೆ ಬೆಳವಣಿಗೆಯ ಹಾರ್ಮೋನು ಚಿಮ್ಮುತ್ತದೆಂದು ಹೇಳುವವರಿದ್ದಾರೆ. ಅದು ಏರುವುದು ನಿಜವಾದರೂ ಸ್ವಲ್ಪ ಹೊತ್ತಿನಲ್ಲೇ ಇಳಿದುಹೋಗುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಯುವಕರ ಒಂದು ತೋಳಿಗೆ ಅದೊಂದರದೇ ವ್ಯಾಯಾಮವನ್ನೂ, ಇನ್ನೊಂದು ತೋಳಿಗೆ ಅದರ ಬೆನ್ನಿಗೇ ಕಾಲುಗಳ ಕಠಿಣ ವ್ಯಾಯಾಮವನ್ನೂ ಕೊಟ್ಟು, ಎರಡನೆಯ ತೋಳಿನ ಸರದಿಯಲ್ಲಿ ಮಾತ್ರ ಹಾರ್ಮೋನುಗಳು ಏರುವಂತೆ ಮಾಡಿದ್ದರು. 2010ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಎರಡೂ ತೋಳುಗಳು ಸಮನಾಗಿಯೇ ಬೆಳೆದಿದ್ದವು. ಕ್ಷಣಿಕ ಏರಿಕೆಗಾಗಿ ವಿಶ್ರಾಂತಿಯನ್ನು ಕಡಿತಗೊಳಿಸಿದರೆ ಮುಂದಿನ ಸೆಟ್ಟಿನ ಭಾರ ಕಡಿಮೆಯಾಗುತ್ತದೆ, ಅಷ್ಟೇ.

ಐದನೆಯ ಹಂತ: ಊಟ

ದಿನಕ್ಕೆ 300ರಿಂದ 500 ಕ್ಯಾಲೊರಿ ಕಡಿಮೆ ಮಾಡಿ, ಅದಕ್ಕಿಂತ ಹೆಚ್ಚು ಬೇಡ. ವಾರಕ್ಕೆ ದೇಹತೂಕದ ಶೇ 0.5ರಿಂದ 1ರಷ್ಟು ಇಳಿದರೆ ಸರಿಯಾದ ವೇಗ. ಕೊಬ್ಬಿನ ಕೋಶಗಳು ಸ್ರವಿಸುವ, ‘ಸಾಕು’ ಎಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಊಟ ಕಡಿತಗೊಂಡಾಗ ಕುಸಿಯುತ್ತದೆ. ಜಠರದಿಂದ ಬರುವ, ಹಸಿವನ್ನು ಹೆಚ್ಚಿಸುವ ಗ್ರೆಲಿನ್ ಏರುತ್ತದೆ. ಕಡಿತ ಉಗ್ರವಾದಷ್ಟೂ ಈ ಪ್ರತಿಕ್ರಿಯೆ ಬಲವಾಗುವುದರಿಂದ, ಅರೆಹೊಟ್ಟೆಯ ಉಪಾಯ ಕೆಲವೇ ವಾರಗಳಲ್ಲಿ ಮುರಿದುಬೀಳುತ್ತದೆ. ಪ್ರೊಟೀನ್ ಮಾತ್ರ ಕಡಿಮೆಯಾಗಬಾರದು. ಮೂತ್ರಪಿಂಡದ ಕಾಯಿಲೆ ಇಲ್ಲದವರು ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಲೆಕ್ಕದಲ್ಲಿ, ಅಂದರೆ 60 ಕಿಲೋ ತೂಗುವವರು ದಿನಕ್ಕೆ 96 ಗ್ರಾಂ ಪ್ರೊಟೀನನ್ನು ಮೂರ್ನಾಲ್ಕು ಊಟಗಳಿಗೆ ಹಂಚಿಕೊಂಡು ತಿನ್ನಬೇಕು. ಒಂದು ಕಿಲೋ ಸ್ನಾಯು ಬೆಳೆದರೆ ಬೇಕಾದಷ್ಟು ತಿನ್ನಬಹುದೆಂಬ ಭ್ರಮೆ ಬೇಡ. ವಿಶ್ರಾಂತಿಯಲ್ಲಿ ಅದು ದಿನಕ್ಕೆ ಸುಡುವುದು ಕೇವಲ 13 ಕ್ಯಾಲೊರಿಯ ಆಸುಪಾಸು. ಮುಟ್ಟು ತಪ್ಪತೊಡಗಿದರೆ ಊಟ ಮತ್ತು ದುಡಿಮೆಯ ಲೆಕ್ಕ ತಪ್ಪಿದೆ ಎಂದು ತಿಳಿದು ಕ್ಯಾಲೊರಿಯ ಕಡಿತವನ್ನು ಕೂಡಲೇ ನಿಲ್ಲಿಸಿ, ವೈದ್ಯರನ್ನು ಕಾಣಬೇಕು.

ಡಬ್ಬಿಗಳ ವಿಷಯವನ್ನು ಇಲ್ಲಿಯೇ ಹೇಳಬೇಕು. ಟೆಸ್ಟೋಸ್ಟೆರಾನ್ ಹೆಚ್ಚಿಸುವುದಾಗಿ ಮಾರುವ ಗಿಡಮೂಲಿಕೆಯ ಗುಳಿಗೆಗಳಿಂದ, ಕೊಬ್ಬು ಸುಡುವುದಾಗಿ ಹೇಳುವ ಕೆಫೀನ್ ಮಿಶ್ರಣಗಳಿಂದ ದೂರವಿರಿ. ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್ ಮೊನೊಹೈಡ್ರೇಟ್ (ಸ್ನಾಯುವಿಗೆ ಚುರುಕಾಗಿ ಶಕ್ತಿ ಒದಗಿಸಲು ನೆರವಾಗುವ ಪುಡಿ) ಬಲವನ್ನು ಸ್ವಲ್ಪ ಹೆಚ್ಚಿಸುತ್ತದೆ. ನಾನು ಒಪ್ಪುವುದು ಅದೊಂದನ್ನೇ, ಅದೂ ಬೇರಾವುದನ್ನೂ ಬೆರೆಸದೆ ಇರುವುದನ್ನು. ಕಾಯಿಲೆಯಿಲ್ಲದವರು ಮೈ ಕಟ್ಟಲೆಂದು ಚುಚ್ಚಿಕೊಳ್ಳುವ, ಟೆಸ್ಟೋಸ್ಟೆರಾನಿನಂತೆ ಕೆಲಸ ಮಾಡುವ ಅನಬಾಲಿಕ್ ಸ್ಟೆರಾಯ್ಡ್‌ಗಳು ದೇಹದ ಸ್ವಂತ ಟೆಸ್ಟೋಸ್ಟೆರಾನ್ ಉತ್ಪಾದನೆಯನ್ನೇ ಅದುಮಿ, ವೃಷಣಗಳನ್ನು ಕುಗ್ಗಿಸಿ, ವೀರ್ಯಾಣುಗಳನ್ನು ಕಡಿಮೆ ಮಾಡಿ, ಒಳ್ಳೆಯ ಕೊಲೆಸ್ಟರಾಲನ್ನು ಇಳಿಸಿ ಹೃದಯಕ್ಕೆ ಹಾನಿ ಮಾಡುತ್ತವೆ. ಈ ಅಡ್ಡದಾರಿಯನ್ನು ಸೂಚಿಸುವ ಜಿಮ್ಮನ್ನು ಆ ದಿನವೇ ಬಿಡಿ.

ಆರನೆಯ ಹಂತ: ನಿದ್ರೆ

ಬೆಳವಣಿಗೆಯ ಹಾರ್ಮೋನಿನ ದೊಡ್ಡ ಅಲೆ ಬರುವುದು ರಾತ್ರಿಯ ಮೊದಲ ಭಾಗದ ಗಾಢ ನಿದ್ರೆಯಲ್ಲಿ. ಶಿಕಾಗೊ ವಿಶ್ವವಿದ್ಯಾಲಯದ 2010ರ ಅಧ್ಯಯನವೊಂದರಲ್ಲಿ ಒಂದೇ ಗುಂಪಿನ ಜನರಿಗೆ ಎರಡು ಸಲವೂ ಅಷ್ಟೇ ಕ್ಯಾಲೊರಿಯ ಊಟ ಕೊಟ್ಟು, ಎರಡು ವಾರ ಎಂಟೂವರೆ ತಾಸು, ಇನ್ನೆರಡು ವಾರ ಐದೂವರೆ ತಾಸು ಮಲಗಲು ಬಿಡಲಾಯಿತು. ಇಳಿದ ತೂಕ ಎರಡು ಸಲವೂ ಹೆಚ್ಚುಕಡಿಮೆ ಒಂದೇ. ಆದರೆ ಕರಗಿದ ಕೊಬ್ಬು ಮೊದಲನೆಯದರಲ್ಲಿ 1.4 ಕಿಲೋ, ಎರಡನೆಯದರಲ್ಲಿ 0.6 ಕಿಲೋ ಮಾತ್ರ. ನಸುಕಿನಲ್ಲಿ ಜಿಮ್ಮಿಗೆ ಹೋಗಲೆಂದು ನಿದ್ರೆಯನ್ನು ಐದು ತಾಸಿಗೆ ಇಳಿಸುವವರು ವ್ಯಾಯಾಮದ ಸಮಯವನ್ನು ಬದಲಿಸುವುದೇ ಮೇಲು.

ಏಳನೆಯ ಹಂತ: ಇಳಿಕೆ ನಿಂತಾಗ

ಮೊದಲ ವಾರಗಳಲ್ಲಿ ಸ್ನಾಯು ನೀರು ಹಿಡಿದಿಟ್ಟುಕೊಳ್ಳುವುದರಿಂದ ತೂಕ ಏರಲೂಬಹುದು. ಸೊಂಟದ ಅಳತೆ ಇಳಿಯುತ್ತಿದ್ದು ಎತ್ತುವ ಭಾರ ಏರುತ್ತಿದ್ದರೆ ಏನನ್ನೂ ಬದಲಿಸಬೇಡಿ. ಮೂರು ವಾರಗಳ ಸರಾಸರಿ ತೂಕವೂ ಸೊಂಟದ ಅಳತೆಯೂ ಕದಲದಿದ್ದರೆ ಮಾತ್ರ ಊಟದಲ್ಲಿ ಇನ್ನು 100ರಿಂದ 150 ಕ್ಯಾಲೊರಿ ಕಡಿಮೆ ಮಾಡಿ, ಅಥವಾ ದಿನದ ನಡಿಗೆಯನ್ನು ಅರ್ಧ ತಾಸು ಹೆಚ್ಚಿಸಿ. ಮೂರು ತಿಂಗಳಾದ ಮೇಲೆ ಒಂದೆರಡು ವಾರ ತೂಕ ಇಳಿಯದಷ್ಟು ಊಟ ಮಾಡಿ, ಭಾರ ಎತ್ತುವುದನ್ನು ಎಂದಿನಂತೆ ಮುಂದುವರಿಸಿ. ಇಷ್ಟಾದರೂ ಸದಾ ಸುಸ್ತು, ಚಳಿ ತಡೆಯಲಾಗದಿರುವುದು, ಕೂದಲು ಉದುರುವುದು, ಕಾಮಾಸಕ್ತಿ ಕುಗ್ಗುವುದು ಕಂಡುಬಂದರೆ ವೈದ್ಯರ ಸಲಹೆಯ ಮೇರೆಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಗಂಡಸರು ಟೆಸ್ಟೋಸ್ಟೆರಾನ್ ಪರೀಕ್ಷೆಗೆ ಬೆಳಿಗ್ಗೆಯೇ ರಕ್ತ ಕೊಡಬೇಕು, ಏಕೆಂದರೆ ಅದರ ಮಟ್ಟ ಮಧ್ಯಾಹ್ನದ ಹೊತ್ತಿಗೆ ಸಹಜವಾಗಿಯೇ ಇಳಿದಿರುತ್ತದೆ. ಮೊದಲ ಸಲ ಕಡಿಮೆ ಬಂದರೆ ಇನ್ನೊಂದು ಬೆಳಿಗ್ಗೆ ಮತ್ತೆ ಪರೀಕ್ಷಿಸದೆ ಚಿಕಿತ್ಸೆಗೆ ಒಪ್ಪಬಾರದು.