ಎತ್ತರಿಸಿದ ಟ್ರಕ್‌ನ ಮುಂಭಾಗ: ಅಲೈನ್‌ಮೆಂಟ್‌ಗೆ ಮೊದಲು ಬುಷ್‌ಗಳನ್ನು ಸರಿಯಾಗಿ ಬಿಗಿಸಿ

ಲಿಫ್ಟ್ ಕಿಟ್ (ಟ್ರಕ್ಕನ್ನು ಎತ್ತರಿಸುವ ಬಿಡಿಭಾಗಗಳು) ಹಾಕಿಸಿದ ಮೇಲೆ ಟ್ರಕ್ ಒಂದು ಪಕ್ಕಕ್ಕೆ ಎಳೆಯುತ್ತದೆ, ತಿರುವು ಮುಗಿದರೂ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಹೊಸ ಟೈರ್‌ನ ಅಂಚು ಬೇಗ ಸವೆಯುತ್ತದೆ ಎಂದು ದೂರುತ್ತ ಮತ್ತೆ ಮತ್ತೆ ವೀಲ್ ಅಲೈನ್‌ಮೆಂಟ್ ಮಾಡಿಸುವವರನ್ನು ನೋಡುತ್ತಲೇ ಇದ್ದೇನೆ. ಅಲೈನ್‌ಮೆಂಟ್ ಕೊನೆಯ ಹಂತ. ಅದಕ್ಕೂ ಮುಂಚಿನ ಕೆಲಸ ಕೆಟ್ಟಿದ್ದರೆ ಯಂತ್ರದ ಪರದೆಯಲ್ಲಿ ಅಂಕಿಗಳೆಲ್ಲ ಸರಿಯಾಗಿ ಕಂಡರೂ ಅವು ಹೆಚ್ಚು ಕಾಲ ನಿಲ್ಲುವುದಿಲ್ಲ. ಈ ಲೇಖನ ಮುಂದಿನ ಪ್ರತಿ ಚಕ್ರಕ್ಕೂ ಮೇಲೊಂದು ಕೆಳಗೊಂದು ಕಂಟ್ರೋಲ್ ಆರ್ಮ್ (ಚಕ್ರವನ್ನು ಚಾಸಿಗೆ ಜೋಡಿಸುವ, ಮೇಲೆ ಕೆಳಗೆ ಆಡುವ ತೋಳು) ಇರುವ ಟ್ರಕ್‌ಗಳನ್ನು ಕುರಿತದ್ದು.

ಮೊದಲು ಟೈರ್‌ಗಳ ಗಾಳಿ ಸರಿಪಡಿಸಿ, ಸವೆತವನ್ನು ಕೈಯಿಂದ ಸವರಿ ನೋಡಿ. ಒಂದು ಅಂಚು ಮಾತ್ರ ನುಣುಪಾಗಿ ಸವೆದಿದ್ದರೆ ಕ್ಯಾಂಬರ್ ಅನ್ನು, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನವನ್ನು, ಸಂಶಯಿಸಬೇಕು. ಅಡ್ಡಲಾಗಿ ಸವರಿದಾಗ ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗರ ಎನಿಸಿದರೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ತಪ್ಪಿದೆ. ನಂತರ ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು ಚಕ್ರವನ್ನು ನೆಲದಿಂದ ಬಿಡಿಸಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ ಬಾಲ್ ಜಾಯಿಂಟ್ (ಆರ್ಮ್‌ನ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಗುಂಡು ಕೀಲು) ಮತ್ತು ಬೇರಿಂಗ್‌ಗಳನ್ನೂ, ಎಡ ಬಲ ಹಿಡಿದು ಅಲುಗಿಸಿ ಟೈ ರಾಡ್ (ಸ್ಟಿಯರಿಂಗ್‌ನ ಚಲನೆಯನ್ನು ಚಕ್ರಕ್ಕೆ ಒಯ್ಯುವ ಸರಳು) ತುದಿಗಳನ್ನೂ ಪರೀಕ್ಷಿಸಿ. ಸಡಿಲ ಕಂಡ ಭಾಗವನ್ನು ಬದಲಿಸದೆ ಮುಂದಕ್ಕೆ ಹೋಗಲೇಬಾರದು. ನಡುಕವನ್ನು ಅಡಗಿಸಲು ದಪ್ಪನೆಯ ಸ್ಟಿಯರಿಂಗ್ ಡ್ಯಾಂಪರ್ ಮಾರುವವರಿದ್ದಾರೆ. ಅದು ಸವೆದ ಜಾಯಿಂಟನ್ನು ಮರೆಮಾಚುತ್ತದೆಯೇ ಹೊರತು ಸರಿಪಡಿಸುವುದಿಲ್ಲ.

ಕಿಟ್ ಬಗ್ಗೆಯೂ ಒಂದು ಮಾತು ಹೇಳಬೇಕು. ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಭಾಗದ) ತಲೆಗೆ ಹಾಕುವ ಸ್ಪೇಸರ್ (ಎತ್ತರ ಕೂಡಿಸುವ ಬಿಲ್ಲೆ) ಅಗ್ಗ, ಆದರೆ ಸ್ಟ್ರಟ್ ಕೆಳಗಿನ ಆರ್ಮ್‌ನ ನಡುಭಾಗಕ್ಕೆ ಜೋಡಣೆಯಾಗಿರುವ ಟ್ರಕ್‌ಗಳಲ್ಲಿ 25 ಮಿ.ಮೀ. ಸ್ಪೇಸರ್ ಹಾಕಿದರೆ ಟ್ರಕ್ ಸುಮಾರು ಅದರ ಎರಡರಷ್ಟು ಏರುತ್ತದೆ ಎಂಬುದನ್ನು ಲೆಕ್ಕ ಹಾಕದೆ ಒಂದರ ಮೇಲೊಂದು ಸ್ಪೇಸರ್ ಇಡುವವರಿದ್ದಾರೆ. ಹಾಗೆ ಮಾಡಿದರೆ ಬಾಲ್ ಜಾಯಿಂಟ್, ಆಕ್ಸಲ್ ಜಾಯಿಂಟ್ ಮತ್ತು ಟೈ ರಾಡ್‌ಗಳ ಕೋನ ಮಿತಿಮೀರುತ್ತದೆ. ಇದನ್ನು ಯಾವ ಅಲೈನ್‌ಮೆಂಟೂ ಸರಿಪಡಿಸಲಾರದು.

ಹೆಚ್ಚಿನವರು ಎಡವುವುದು ಕಂಟ್ರೋಲ್ ಆರ್ಮ್ ಚಾಸಿಗೆ ಸೇರುವ ಕಡೆಯ ಬುಷ್ ಬಿಗಿಸುವಲ್ಲಿ. ಕಂಟ್ರೋಲ್ ಆರ್ಮ್‌ನ ರಬ್ಬರ್ ಬುಷ್ ತನ್ನ ಒಳಗಿನ ಮತ್ತು ಹೊರಗಿನ ಲೋಹದ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಸಿದ ಮೇಲೆ ಒಳಗಿನ ಕೊಳವೆ ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡುವಾಗ ರಬ್ಬರ್ ಮಾತ್ರ ತಿರುಚಿಕೊಳ್ಳುತ್ತದೆ. ಟ್ರಕ್ ಸ್ಟ್ಯಾಂಡಿನ ಮೇಲಿದ್ದು ಚಕ್ರ ಜೋತುಬಿದ್ದಿರುವಾಗಲೇ ಬೋಲ್ಟ್ ಬಿಗಿಸಿಬಿಟ್ಟರೆ, ನೆಲಕ್ಕೆ ಇಳಿಸಿದ ಕೂಡಲೇ ರಬ್ಬರ್ ಒಂದೇ ಕಡೆಗೆ ತಿರುಚಿಕೊಂಡು ಆ ಸ್ಥಿತಿಯಲ್ಲೇ ಉಳಿಯುತ್ತದೆ. ಆಗ ಟ್ರಕ್ ನಿಜವಾದ ಎತ್ತರಕ್ಕಿಂತ ಮೇಲೆ ನಿಲ್ಲುತ್ತದೆ, ಓಟ ಒರಟಾಗುತ್ತದೆ, ರಬ್ಬರ್ ಬೇಗ ಹರಿಯುತ್ತದೆ, ಎತ್ತರ ಇಳಿದಂತೆ ಅಲೈನ್‌ಮೆಂಟೂ ಕೆಡುತ್ತದೆ. ಆದ್ದರಿಂದ ಜೋಡಣೆಯ ವೇಳೆ ಈ ಬೋಲ್ಟ್‌ಗಳನ್ನು ಅಲುಗದಷ್ಟು ಮಾತ್ರ ಹಿಡಿಸಿ, ಚಕ್ರ ಹಾಕಿ, ಸಮತಟ್ಟಾದ ನೆಲಕ್ಕೆ ಇಳಿಸಿ, ಬಂಪರ್ ಒತ್ತಿ ಕುಲುಕಿಸಿ, ಟ್ರಕ್ಕನ್ನು ಒಂದೆರಡು ಮೀಟರ್ ಹಿಂದಕ್ಕೂ ಮುಂದಕ್ಕೂ ತಳ್ಳಿ. ನಂತರ ಹಬ್‌ನ ನಡುವಿನಿಂದ ಫೆಂಡರ್ ಅಂಚಿನವರೆಗಿನ ಅಂತರವನ್ನು ಎರಡೂ ಬದಿಯಲ್ಲಿ ಅಳೆದು ಬರೆದುಕೊಂಡು, ಚಕ್ರಗಳ ಮೇಲೆ ಭಾರ ಇರುವಾಗಲೇ ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿಸಿ. ಬೋಲ್ಟ್‌ಗೆ ಸ್ಪ್ಯಾನರ್ ತಲುಪದಿದ್ದರೆ ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು, ಬರೆದುಕೊಂಡ ಅಂತರ ಬರುವವರೆಗೆ ಎತ್ತಿ ಬಿಗಿಸಬಹುದು. ಅಂಟಿಕೊಳ್ಳದ ಪಾಲಿಯುರೇಥೇನ್ ಬುಷ್‌ಗಳಿಗೆ ಈ ನಿರ್ಬಂಧವಿಲ್ಲ, ಆದರೆ ದಿನನಿತ್ಯ ಓಡಿಸುವ ಟ್ರಕ್‌ಗೆ ನಾನು ರಬ್ಬರನ್ನೇ ಸೂಚಿಸುತ್ತೇನೆ.

ಇಷ್ಟಾದ ಮೇಲೆ ಅಲೈನ್‌ಮೆಂಟ್‌ಗೆ ಹೋಗಿ, ಮೊದಲು ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಮತ್ತು ಕ್ಯಾಂಬರ್, ಕೊನೆಗೆ ಟೋ ಎಂಬ ಕ್ರಮವನ್ನೇ ಪಾಲಿಸಲು ಹೇಳಿ. ಮೊದಲೆರಡನ್ನು ಬದಲಿಸಿದರೆ ಟೋ ಕದಲುತ್ತದೆ. ಎತ್ತರಿಸಿದಾಗ ಸಾಮಾನ್ಯವಾಗಿ ಕಳೆದುಹೋಗುವುದು ಕ್ಯಾಸ್ಟರ್. ಸ್ಟಿಯರಿಂಗ್ ನೇರಕ್ಕೆ ಮರಳದಿರುವುದಕ್ಕೂ ಹೆದ್ದಾರಿಯಲ್ಲಿ ಟ್ರಕ್ ಅತ್ತಿತ್ತ ಅಲೆಯುವುದಕ್ಕೂ ಅದೇ ಮುಖ್ಯ ಕಾರಣ. ಕೆಳಗಿನ ಆರ್ಮ್‌ನಲ್ಲಿ ಕ್ಯಾಮ್ ಬೋಲ್ಟ್‌ಗಳಿದ್ದರೆ (ತಿರುಗಿಸಿದಾಗ ಆರ್ಮ್‌ನ ಬುಡವನ್ನು ಸರಿಸುವ ಬೋಲ್ಟ್‌ಗಳು) ಮುಂದಿನದನ್ನು ಒಳಕ್ಕೂ ಹಿಂದಿನದನ್ನು ಹೊರಕ್ಕೂ ಸರಿಸಿ ಕ್ಯಾಸ್ಟರ್ ಹೆಚ್ಚಿಸುತ್ತಾರೆ. ದೊಡ್ಡ ಟೈರ್ ಇರುವಾಗ ತಯಾರಕರ ಮಿತಿಯ ಮೇಲರ್ಧದಲ್ಲಿ, ಎಡ ಬಲ ಸಮನಾಗಿ ಇಡಿಸಿ. ಟ್ರಕ್ ಕ್ಯಾಸ್ಟರ್ ಕಡಿಮೆ ಇರುವ ಬದಿಗೆ ಎಳೆಯುತ್ತದೆ. ಬೋಲ್ಟ್ ಕೊನೆಯವರೆಗೆ ಸರಿದರೂ ಅಳತೆ ಮುಟ್ಟದಿದ್ದರೆ, ಬಾಲ್ ಜಾಯಿಂಟನ್ನು ಹಿಂದಕ್ಕೆ ಸರಿಸಿ ತಯಾರಿಸಿದ ಮೇಲಿನ ಆರ್ಮ್ ಹಾಕಿಸುವುದೇ ದಾರಿ, ಟೋ ಮಾತ್ರ ಸರಿಪಡಿಸಿ ಬಿಲ್ ಕೊಟ್ಟು ಕಳುಹಿಸುವವರಿಗೆ ಒಪ್ಪಬೇಡಿ.

ಟೋ ಸರಿಪಡಿಸುವಾಗ ಸ್ಟಿಯರಿಂಗ್ ಚಕ್ರವನ್ನು ನಡುವೆ ಲಾಕ್ ಮಾಡಿರಬೇಕು. ಸ್ಥಿರತಾ ನಿಯಂತ್ರಣ ಇರುವ ಟ್ರಕ್‌ಗಳಲ್ಲಿ ಸ್ಟಿಯರಿಂಗ್ ಕೋನದ ಸೆನ್ಸರನ್ನೂ ಮರುಹೊಂದಿಸಬೇಕಾಗುತ್ತದೆ. ಕೆಲಸಕ್ಕೆ ಮೊದಲಿನ ಮತ್ತು ನಂತರದ ಅಳತೆಗಳ ಮುದ್ರಿತ ಹಾಳೆಯನ್ನು ಕೇಳಿ ಪಡೆಯಿರಿ. ಸುಮಾರು 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟ್‌ಗಳ ಟಾರ್ಕ್ ಪರೀಕ್ಷಿಸಿ, ಫೆಂಡರ್ ಅಂತರವನ್ನು ಮತ್ತೊಮ್ಮೆ ಅಳೆಯಿರಿ. ಅದು ಗಣನೀಯವಾಗಿ ಇಳಿದಿದ್ದರೆ ಅಲೈನ್‌ಮೆಂಟನ್ನು ಇನ್ನೊಮ್ಮೆ ಮಾಡಿಸಬೇಕು.