ಒಂದು ಮಂಗಟ್ಟೆಗೆ ಎಷ್ಟು ಉಣ್ಣೆ?

6 ಸೆಂಟಿಮೀಟರ್ ಎತ್ತರದ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಗೊಂಬೆಗೆ 6 ಗ್ರಾಂ ಉಣ್ಣೆ ಹಿಡಿದಿತ್ತು. 12 ಸೆಂಟಿಮೀಟರ್ ಎತ್ತರದ್ದಕ್ಕೆ 12 ಗ್ರಾಂ ಸಾಕು ಎಂದು ಲೆಕ್ಕ ಹಾಕಿದೆ. 40 ಗ್ರಾಂ ಬೇಕಾಯಿತು. ಆ ಒಂದು ತಪ್ಪು ಲೆಕ್ಕದಿಂದ ನನ್ನ ಒಂದಿಡೀ ಮಳೆಗಾಲದ ದುಡಿಮೆ ನಷ್ಟದಲ್ಲಿ ಮುಗಿಯಿತು. ನೀಡಲ್ ಫೆಲ್ಟಿಂಗ್, ಅಂದರೆ ಸೂಜಿ ಚುಚ್ಚಿ ಉಣ್ಣೆಯ ಗೊಂಬೆ ಮಾಡುವುದನ್ನು ಕಲಿಯುವವರು ಗೊಂಬೆಯ ಮುಖ ತಿದ್ದುವುದನ್ನು, ಕಣ್ಣು ಕೂರಿಸುವುದನ್ನು ಕೇಳುತ್ತಾರೆ. ಎಷ್ಟು ಉಣ್ಣೆ, ಎಷ್ಟು ಹೊತ್ತು, ಎಷ್ಟು ಹಣ ಎಂದು ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಫೆಲ್ಟಿಂಗ್ ಸೂಜಿಯ ಅಂಚುಗಳಲ್ಲಿ ಕೆಳಮುಖವಾದ ಕಚ್ಚುಗಳಿರುತ್ತವೆ. ಸಡಿಲ ಉಣ್ಣೆಯನ್ನು ಫೋಮ್ ದಿಂಬಿನ ಮೇಲಿಟ್ಟು ಚುಚ್ಚಿದಾಗ ಆ ಕಚ್ಚುಗಳು ಎಳೆಗಳನ್ನು ಒಳಕ್ಕೆ ಒಯ್ಯುತ್ತವೆ, ಎಳೆಗಳು ಒಂದಕ್ಕೊಂದು ತೊಡರಿಕೊಂಡು ಗಟ್ಟಿಯಾಗುತ್ತವೆ. ನೀರಿಲ್ಲ, ದಾರವಿಲ್ಲ, ಅಂಟಿಲ್ಲ. ಸಾವಿರಾರು ಸಲ ಚುಚ್ಚುವುದೇ ಕೆಲಸ. ಹೋಳಿಗೆಯ ಹಾಗೆ ಇದರಲ್ಲೂ ಹೂರಣ, ಕಣಕ ಎಂದು ಎರಡಿವೆ. ಒಳಗೆ ತುಂಬುವ ಒರಟು ಉಣ್ಣೆ ಹೂರಣ, ಮೇಲೆ ಹೊದಿಸುವ ಬಣ್ಣದ ಮೆರಿನೊ (ಮೆರಿನೊ ತಳಿಯ ಕುರಿಯ ನಯವಾದ ಉಣ್ಣೆ) ಕಣಕ. ನನ್ನ ಲೆಕ್ಕದ ಪುಸ್ತಕದಲ್ಲೂ ಇವೇ ಹೆಸರುಗಳಿವೆ.

ಮಡಿಕೇರಿಯ ಹತ್ತಿರದ ಒಂದು ಹೋಂಸ್ಟೇಯವರು ನನ್ನ ಸಣ್ಣ ಮಂಗಟ್ಟೆಯನ್ನು ನೋಡಿ ಮೆಚ್ಚಿದರು. ಹಳದಿ ಕೊಕ್ಕು, ತಲೆಯ ಮೇಲೆ ಕಿರೀಟ, ಕರಿಯ ಮೈ, ಬಿಳಿ ಬಾಲಕ್ಕೆ ಒಂದು ಕರಿಪಟ್ಟಿ ಇರುವ ದೊಡ್ಡ ಮಂಗಟ್ಟೆ ಅದು. ‘ಇದೇ ಹಕ್ಕಿ, ಇದರ ಎರಡರಷ್ಟು ಎತ್ತರ, ಒಟ್ಟು 12, ದಸರಾ ಒಳಗೆ ಬೇಕು’ ಎಂದರು. ಸಣ್ಣದನ್ನು 350 ರೂಪಾಯಿಗೆ ಕೊಡುತ್ತಿದ್ದೆ. ಎತ್ತರ ಎರಡರಷ್ಟು ಎಂದ ಮೇಲೆ ಬೆಲೆಯೂ ಎರಡರಷ್ಟು ಎಂದು 700 ಹೇಳಿ ಮುಂಗಡ ತೆಗೆದುಕೊಂಡೆ.

ತಪ್ಪು ಎಲ್ಲಿದೆ ಎಂಬುದು ಬೆಂಕಿಪೆಟ್ಟಿಗೆಯಿಂದ ಗೊತ್ತಾಗುತ್ತದೆ. ಬೆಂಕಿಪೆಟ್ಟಿಗೆಯ ಉದ್ದ, ಅಗಲ, ಎತ್ತರ ಮೂರನ್ನೂ ಎರಡರಷ್ಟು ಮಾಡಿದರೆ ಆ ಹೊಸ ಪೆಟ್ಟಿಗೆಯೊಳಗೆ ಹಳೆಯ ಪೆಟ್ಟಿಗೆಗಳು ಎಂಟು ಹಿಡಿಯುತ್ತವೆ. ಅದರ ಮೇಲೆ ಅಂಟಿಸಲು ಕಾಗದ ಮಾತ್ರ ನಾಲ್ಕರಷ್ಟು ಸಾಕು. ಹಕ್ಕಿಯೂ ಹಾಗೆಯೇ. ಸಣ್ಣದರಲ್ಲಿ ಹೂರಣ 4 ಗ್ರಾಂ, ಕಣಕ 2 ಗ್ರಾಂ ಇತ್ತು. ದೊಡ್ಡದರಲ್ಲಿ ಹೂರಣ ಎಂಟರಷ್ಟಾಗಿ 32 ಗ್ರಾಂ, ಕಣಕ ನಾಲ್ಕರಷ್ಟಾಗಿ 8 ಗ್ರಾಂ, ಒಟ್ಟು 40. ಮೊದಲ ಹಕ್ಕಿಯನ್ನು ಮುಗಿಸಿ ತೂಗಿದಾಗ 41 ಬಂತು. ಶಾಲೆಯಲ್ಲಿ ಘನಫಲವನ್ನು ಬಾಯಿಪಾಠ ಮಾಡಿದ್ದೆ, ಅದು ಕೈಗೆ ಇಳಿದದ್ದು ಅಂದು.

ಹೊತ್ತಿನ ಲೆಕ್ಕವೂ ತಲೆಕೆಳಗಾಯಿತು. ಸಣ್ಣದಕ್ಕೆ ಎರಡೂಕಾಲು ಗಂಟೆ ಸಾಕಾಗಿತ್ತು, ದೊಡ್ಡದಕ್ಕೆ ಒಂಬತ್ತೂವರೆ ಗಂಟೆ ಹಿಡಿಯಿತು. ನನ್ನ ಕೂಲಿಯನ್ನು ಗಂಟೆಗೆ 100 ರೂಪಾಯಿ ಎಂದು ಹಿಡಿದರೆ ಕೂಲಿಯೇ 950, ಸಾಮಗ್ರಿ ಹತ್ತಿರ ಹತ್ತಿರ 200. ಅಂದರೆ 1,150 ರೂಪಾಯಿಯ ಹಕ್ಕಿಯನ್ನು 700ಕ್ಕೆ ಕೊಟ್ಟೆ. ಒಂದಕ್ಕೆ 450ರಂತೆ ಹನ್ನೆರಡಕ್ಕೆ 5,400 ನಷ್ಟ. ಒಪ್ಪಿದ ಬೆಲೆಯನ್ನು ನಡುವೆ ಏರಿಸಲು ಮನಸ್ಸು ಬರಲಿಲ್ಲ. ಹನ್ನೆರಡನ್ನೂ ಮುಗಿಸಿ ದಸರಾಕ್ಕೆ ನಾಲ್ಕು ದಿನ ಮೊದಲು ತಲುಪಿಸಿದೆ.

ಆ ಮಳೆಗಾಲದಲ್ಲೇ ಒಂದು ಒಳ್ಳೆಯ ಅಭ್ಯಾಸವೂ ಹುಟ್ಟಿತು. ಎಲ್ಲಿ ಹೊತ್ತು ಹೋಗುತ್ತಿದೆ ಎಂದು ತಿಳಿಯಲು ಪ್ರತಿ ಹಂತ ಮುಗಿದಾಗ ಗಡಿಯಾರ ನೋಡಿ ಬರೆದುಕೊಂಡೆ. ಹೂರಣದ ಮೈ 4 ಗಂಟೆ. ಕಣಕ ಹೊದಿಸುವುದು 2 ಗಂಟೆ. ಕೊಕ್ಕು ಮತ್ತು ಕಿರೀಟ ಒಂದೂವರೆ ಗಂಟೆ. ರೆಕ್ಕೆ, ಬಾಲ ಒಂದೂಕಾಲು. ಕಣ್ಣು, ಕಾಲು, ಕೊಂಬೆಗೆ ಕೂರಿಸುವುದು ಮುಕ್ಕಾಲು. ಕೊಕ್ಕು, ಕಿರೀಟ ಎರಡೂ ಸೇರಿ ತೂಕ ಸರಿಯಾಗಿ ಒಂದು ಗ್ರಾಂ. ಒಂದು ಗ್ರಾಂಗೆ ಒಂದೂವರೆ ಗಂಟೆ! ಅಂದಿನಿಂದ ಯಾರಾದರೂ ಗೊಂಬೆಯ ಗಾತ್ರ ಹೇಳಿ ಬೆಲೆ ಕೇಳಿದರೆ ‘ಚೂಪಾದ ಭಾಗಗಳು ಎಷ್ಟಿವೆ?’ ಎಂದು ಮೊದಲು ವಿಚಾರಿಸುತ್ತೇನೆ. ದುಂಡನೆಯ ಆನೆಯ ಮೈಗಿಂತ ಅದರ ಸೊಂಡಿಲು, ದಂತ, ಬಾಲ ಹೆಚ್ಚು ಹೊತ್ತು ತಿನ್ನುತ್ತವೆ.

ಹೂರಣದ ನಾಲ್ಕು ಗಂಟೆಯನ್ನು ಮಾತ್ರ ಇಳಿಸಲು ಸಾಧ್ಯವಾಯಿತು. ಮೂರು ಸೂಜಿ ಹಿಡಿಯುವ ಮರದ ಹಿಡಿ ತಂದ ಮೇಲೆ ಅದು ಎರಡೂಮುಕ್ಕಾಲಕ್ಕೆ ಬಂತು. ಹೊತ್ತು ಉಳಿಸಲು ಮೈಯನ್ನು ಮೆತ್ತಗೆ ಬಿಡುವುದು ಮಾತ್ರ ಕೂಡದು. ನಾಲ್ಕನೆಯ ಹಕ್ಕಿಯಲ್ಲಿ ಅವಸರ ಮಾಡಿದೆ. ಕೊಕ್ಕಿನ ಭಾರಕ್ಕೆ ಕುತ್ತಿಗೆ ಬಾಗಿ, ಎರಡನೆಯ ದಿನಕ್ಕೆ ಹಕ್ಕಿ ನೆಲ ನೋಡುತ್ತಿತ್ತು. ಬಿಚ್ಚಿ ಮತ್ತೆ ಮಾಡಲು ಮೂರು ಗಂಟೆ ಹೋಯಿತು. ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಗುಳಿ ಉಳಿದರೆ ಇನ್ನೂ ಚುಚ್ಚಬೇಕು, ತಾನಾಗಿ ಎದ್ದು ಬಂದರೆ ಕಣಕ ಹೊದಿಸಬಹುದು.

ಸೂಜಿಯ ಖರ್ಚನ್ನು ಎಲ್ಲರೂ ಮರೆಯುತ್ತಾರೆ. ಗೇಜಿನ ಸಂಖ್ಯೆ ಏರಿದಂತೆ ಸೂಜಿ ತೆಳ್ಳಗಾಗುತ್ತದೆ. 36 ಒರಟು ರೂಪಕ್ಕೆ, 38 ಹೆಚ್ಚಿನ ಕೆಲಸಕ್ಕೆ, 40 ಮತ್ತು 42 ಮೇಲ್ಮೈಯ ನಯಕ್ಕೆ. ತೆಳ್ಳಗಿನವು ಬೇಗ ಮುರಿಯುತ್ತವೆ. ಯಾವ ಕೋನದಲ್ಲಿ ಒಳಗೆ ಹೋಯಿತೋ ಅದೇ ಕೋನದಲ್ಲಿ ಹೊರಗೆ ಬರಬೇಕು, ಒಳಗಿರುವಾಗ ಕೈ ಓರೆಯಾದರೆ ಟಿಕ್ ಎಂದು ತುದಿ ಹೋಯಿತು. ಹನ್ನೆರಡು ಹಕ್ಕಿಗೆ 21 ಸೂಜಿ ಮುರಿದೆ. ಒಂದಕ್ಕೆ 30 ರೂಪಾಯಿಯಂತೆ 630. ಈಗ ದೊಡ್ಡ ಹಕ್ಕಿಗೆ ಎರಡು ಸೂಜಿ ಎಂದು ಬೆಲೆಯಲ್ಲೇ ಸೇರಿಸುತ್ತೇನೆ.

ಹಣಕ್ಕಿಂತ ದೊಡ್ಡ ಚಿಂತೆ ಮುರಿದ ತುದಿಯದು. ಗೊಂಬೆ ಮಗುವಿನ ಕೈಗೆ ಹೋಗಬಹುದು. ಸೂಜಿ ಮುರಿದ ಕೂಡಲೇ ಕೆಲಸ ನಿಲ್ಲಿಸಿ, ಉಳಿದ ತುಂಡನ್ನು ಹೊಸ ಸೂಜಿಯ ಪಕ್ಕ ಇಟ್ಟು ಎಷ್ಟು ಉದ್ದ ಕಾಣೆಯಾಗಿದೆ ಎಂದು ನೋಡುತ್ತೇನೆ. ಹಳೆಯ ಸ್ಪೀಕರ್‌ನಿಂದ ಬಿಚ್ಚಿದ ಅಯಸ್ಕಾಂತವನ್ನು ಉಣ್ಣೆಗೆ ತಾಗಿಸಿ ನಿಧಾನವಾಗಿ ಎಳೆಯುತ್ತೇನೆ. ತುದಿ ಒಳಗಿದ್ದರೆ ಆ ಜಾಗದಲ್ಲಿ ಉಣ್ಣೆ ಸಣ್ಣಗೆ ಉಬ್ಬುತ್ತದೆ, ಬೆರಳಿಗೆ ಜಗ್ಗಿದಂತೆ ತಿಳಿಯುತ್ತದೆ. ಅಲ್ಲಿ ಉಣ್ಣೆ ಬಿಡಿಸಿ ಚಿಮುಟದಿಂದ ತೆಗೆದು ಇಂಜೆಕ್ಷನ್ ಔಷಧದ ಖಾಲಿ ಬಾಟಲಿಗೆ ಹಾಕುತ್ತೇನೆ. ಸಿಗದಿದ್ದರೆ ಆ ಹಕ್ಕಿಯನ್ನು ಮಾರುವುದಿಲ್ಲ. ಅಂಥವು ಎರಡು ನನ್ನ ಕಿಟಕಿಯ ಮೇಲಿವೆ.

ಇನ್ನು ನಮ್ಮ ಮಳೆ. ಕಕ್ಕಡ ಮಾಸದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕೊಡಗಿನಲ್ಲಿ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ. ಉಣ್ಣೆ ಹೊರಗೆ ಒಣಗಿದಂತೆ ಕಂಡರೂ ಗಾಳಿಯ ತೇವವನ್ನು ತನ್ನ ತೂಕದ ಕಾಲುಭಾಗಕ್ಕಿಂತ ಹೆಚ್ಚು ಕುಡಿದಿಟ್ಟುಕೊಳ್ಳಬಲ್ಲದು. ಮಾರ್ಚ್‌ನಲ್ಲಿ 100 ಗ್ರಾಂ ತೂಗಿ ಚೀಟಿ ಅಂಟಿಸಿದ್ದ ಬಿಳಿ ಉಣ್ಣೆಯ ಕಟ್ಟನ್ನು ಜುಲೈನಲ್ಲಿ ತಕ್ಕಡಿಗೆ ಹಾಕಿದೆ. 108 ತೋರಿಸಿತು. ತಕ್ಕಡಿ ಕೆಟ್ಟಿದೆ ಎಂದುಕೊಂಡು ಐದು ರೂಪಾಯಿಯ ನಾಣ್ಯಗಳನ್ನು ಇಟ್ಟು ನೋಡಿದೆ, ಅವು ಮಾರ್ಚ್‌ನಲ್ಲಿ ಎಷ್ಟಿದ್ದವೋ ಅಷ್ಟೇ ಇದ್ದವು. ಹೆಚ್ಚಿದ್ದ ಎಂಟು ಗ್ರಾಂ ನೀರು. ಆದ್ದರಿಂದ ವರ್ಷದ ಉಣ್ಣೆಯನ್ನು ಫೆಬ್ರವರಿ, ಮಾರ್ಚ್‌ನಲ್ಲೇ ತೂಗಿ, ಬಿಸಿಲಿಗೆ ಹಾಕಿ, ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿ ಕರ್ಪೂರದ ಪೊಟ್ಟಣದೊಂದಿಗೆ ಮುಚ್ಚಿಡುತ್ತೇನೆ. ಮಳೆಗಾಲದಲ್ಲಿ ತೂಗಲೇಬೇಕಾದರೆ ನೂರಕ್ಕೆ ಎಂಟು ಕಳೆಯುತ್ತೇನೆ. ಸೂಜಿಗಳು ಅಕ್ಕಿ ತುಂಬಿದ ಸೀಸೆಯಲ್ಲಿರುತ್ತವೆ, ಇಲ್ಲದಿದ್ದರೆ ವಾರದಲ್ಲಿ ತುಕ್ಕು. ತುಕ್ಕು ಹಿಡಿದ ಸೂಜಿ ಬಿಳಿ ಉಣ್ಣೆಯ ಮೇಲೆ ಕಂದು ಚುಕ್ಕೆ ಬಿಡುತ್ತದೆ, ಅದು ಹೋಗುವುದಿಲ್ಲ.

ಹೂರಣಕ್ಕೆ ಈಗ ನಮ್ಮದೇ ನಾಡಿನ ಉಣ್ಣೆ ಬಳಸುತ್ತೇನೆ. ಮೊದಲು ಪೇಟೆಯ ಬಿಳಿ ಉಣ್ಣೆಯನ್ನು 100 ಗ್ರಾಂಗೆ 150 ರೂಪಾಯಿ ಕೊಟ್ಟು ತರಿಸುತ್ತಿದ್ದೆ. ಚಳ್ಳಕೆರೆ ಕಡೆ ಕಂಬಳಿಗೆ ಬಳಸುವ ಕರಿ ಕುರಿಯ ಉಣ್ಣೆ ಒರಟು, ಎಳೆ ದಪ್ಪ. ಕಂಬಳಿ ಹೊದ್ದವರಿಗೆ ಅದು ಚುಚ್ಚುವುದು ಗೊತ್ತು. ಆದರೆ ಸೂಜಿಗೆ ಅದೇ ಬೇಗ ಕಟ್ಟಿಕೊಳ್ಳುತ್ತದೆ, ನಯವಾದ ಮೆರಿನೊ ಜಾರುತ್ತದೆ. ಒಂದು ಕಿಲೋ ಕಚ್ಚಾ ಉಣ್ಣೆ ತೊಳೆದಾಗ ಮಣ್ಣು, ಮುಳ್ಳು, ಜಿಡ್ಡು ಹೋಗಿ 650 ಗ್ರಾಂ ಉಳಿಯಿತು. ಬಿಸಿನೀರು, ಸಾಬೂನು, ನೆನೆಸಿಡುವುದು, ಅಷ್ಟೇ. ಕೈಯಾಡಿಸಿದರೆ ಅಲ್ಲೇ ಗಂಟಾಗುತ್ತದೆ. ಒಣಗಿದ ಕಾಫಿ ತೆಗೆದ ಮೇಲೆ ಖಾಲಿಯಾದ ಕಣದಲ್ಲಿ ಹರಡಿ ಒಣಗಿಸಿ, ನಾಯಿಯ ಕೂದಲು ಬಾಚುವ ತಂತಿಬ್ರಷ್ ಎರಡರಲ್ಲಿ ಹಿಂಜುತ್ತೇನೆ. ಒಂದೂವರೆ ದಿನದ ಕೆಲಸ. ಅದಕ್ಕೂ ಕೂಲಿ ಹಾಕಿ ಗ್ರಾಂಗೆ ಒಂದು ರೂಪಾಯಿ ಎಂದು ಬರೆದುಕೊಂಡಿದ್ದೇನೆ. ಕರಿ ಮಂಗಟ್ಟೆಗೆ ಇದು ಹೇಳಿ ಮಾಡಿಸಿದ ಹೂರಣ. ಬಿಳಿ ಬಾಲಕ್ಕೆ, ಹಳದಿ ಕೊಕ್ಕಿಗೆ ಮಾತ್ರ ಬೇಡ. ಕರಿ ಎಳೆ ಹೊರಗೆ ಇಣುಕುತ್ತದೆ, ಮುಚ್ಚಲು ದುಬಾರಿ ಮೆರಿನೊ ಎರಡು ಪದರ ಹೆಚ್ಚು ಬೇಕು.

ಮೆರಿನೊವನ್ನು ಇಡೀ ಆರ್ಡರಿಗೆ ಒಂದೇ ಸಲ ತರಿಸಬೇಕು. ಹಳದಿ ಕಡಿಮೆಯಾಗಿ ಮತ್ತೆ ತರಿಸಿದಾಗ ಬಂದದ್ದು ಬೇರೆ ಬ್ಯಾಚಿನ ಹಳದಿ, ಒಂಬತ್ತು ಕೊಕ್ಕು ಒಂದು ಬಣ್ಣ, ಮೂರು ಕೊಕ್ಕು ಇನ್ನೊಂದು ಬಣ್ಣ. ಸಾಲದ್ದಕ್ಕೆ ರಸ್ತೆಗೆ ಮಣ್ಣು ಜರಿದು ಪಾರ್ಸೆಲ್ ಎಂಟು ದಿನ ತಡವಾಯಿತು. 2018ರ ಆಗಸ್ಟ್‌ನ ಭೂಕುಸಿತ ನೋಡಿದ ನಾವು ಮಳೆಗಾಲದಲ್ಲಿ ಕೊರಿಯರ್ ನಂಬಿ ದಿನ ಕೊಡಬಾರದು. ಹನ್ನೆರಡು ಹಕ್ಕಿಗೆ ಹಳದಿ 12 ಗ್ರಾಂ ಸಾಕಾದರೂ ಪೊಟ್ಟಣ ಸಿಗುವುದು 25 ಗ್ರಾಂನದು. ಉಳಿಯುವ 13 ಗ್ರಾಂ ಯಾರ ಖರ್ಚು? ಕರಿ, ಬಿಳಿ, ಕಂದು ಆದರೆ ನನ್ನದು, ಮುಂದೆ ಬೇಕೇ ಆಗುತ್ತದೆ. ಆ ಆರ್ಡರಿಗೆಂದೇ ತರಿಸಿದ ಬಣ್ಣವಾದರೆ ಪೂರ್ತಿ ಪೊಟ್ಟಣದ ಹಣವನ್ನು ಆ ಆರ್ಡರಿನ ಮೇಲೆಯೇ ಹಾಕುತ್ತೇನೆ. ಇದು ಸರಿಯೆಂದೇ ನನ್ನ ನಂಬಿಕೆ.

ಕೂರಿಸುವ ಕೊಂಬೆಗೆ ಖರ್ಚಿಲ್ಲ, ಆದರೆ ಕಾಲ ಬೇಕು. ಕೊಯ್ಲಿನ ನಂತರ ಗಿಡ ಸವರುವಾಗ ಬೀಳುವ ಕಾಫಿ ರೆಂಬೆಗಳನ್ನು ಆರಿಸಿ ಅಡುಗೆಮನೆಯ ಅಟ್ಟದಲ್ಲಿ ಹೊಗೆಗೆ ಇಡುತ್ತೇನೆ. ಆರು ತಿಂಗಳಾದರೂ ಒಣಗಬೇಕು. ಹಸಿ ಕೊಂಬೆಗೆ ಬೂಸ್ಟು ಬಂದರೆ ಅದು ಹಕ್ಕಿಯ ಕಾಲಿಗೂ ಹತ್ತುತ್ತದೆ.

ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಚುಚ್ಚಿದರೆ ಮಣಿಕಟ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ, ಮೇಣದಬತ್ತಿಯ ಬೆಳಕಿನಲ್ಲಿ ಕರಿ ಉಣ್ಣೆ ಕೆಲಸ ಮಾಡುವುದೆಂದರೆ ಬೆರಳು ಚುಚ್ಚಿಕೊಳ್ಳುವುದು. ಹಾಗಾಗಿ ಹಗಲಿನ ನಾಲ್ಕು ಗಂಟೆ, ವಾರಕ್ಕೆ ಐದು ದಿನ ಎಂದು ಹಿಡಿದು, ಬಂದ ದಿನಗಳಿಗೆ ಅವುಗಳ ಮೂರರಲ್ಲಿ ಒಂದು ಪಾಲು ಕೂಡಿಸಿ ಗ್ರಾಹಕರಿಗೆ ದಿನಾಂಕ ಹೇಳುತ್ತೇನೆ. ಅರೇಬಿಕಾ ಕಾಫಿಯ ಕೊಯ್ಲು ಜೋರಾದ ಮೇಲೆ ರೊಬಸ್ಟಾ ಕಾಫಿಯದು ಮುಗಿಯುವ ತನಕ ಯಾವ ಆರ್ಡರನ್ನೂ ಒಪ್ಪುವುದಿಲ್ಲ. ಕಣದಲ್ಲಿ ಕಾಫಿ ಇರುವಾಗ ಕೈಗೆ ಸೂಜಿ ಬರುವುದಿಲ್ಲ.

ಕಳೆದ ತಿಂಗಳು ಅದೇ ಹೋಂಸ್ಟೇಯವರು ಮತ್ತೆ ಬಂದರು. ಈ ಸಲ 18 ಸೆಂಟಿಮೀಟರ್ ಎತ್ತರದ ಮಂಗಟ್ಟೆ ನಾಲ್ಕು ಬೇಕೆಂದರು. ಒಂದು ನಿಮಿಷ ಎಂದು ಪುಸ್ತಕ ತೆಗೆದೆ. ಮೊದಲ ಸಣ್ಣ ಹಕ್ಕಿಯ ಮೂರರಷ್ಟು ಎತ್ತರ, ಅಂದರೆ ಹೂರಣ ಇಪ್ಪತ್ತೇಳರಷ್ಟು, 108 ಗ್ರಾಂ, 108 ರೂಪಾಯಿ. ಕಣಕ ಒಂಬತ್ತರಷ್ಟು, 18 ಗ್ರಾಂ, ಗ್ರಾಂಗೆ 4ರಂತೆ 72. ಸೂಜಿ ನಾಲ್ಕು, 120. ತಂತಿ, ಕಣ್ಣು 40, ಪೆಟ್ಟಿಗೆ 80. ಕೂಲಿ 22 ಗಂಟೆಗೆ 2,200. ಒಟ್ಟು 2,620. ಕೈತಪ್ಪಿಗೆಂದು ನೂರಕ್ಕೆ ಹತ್ತು ಸೇರಿಸಿ, 2,900 ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಪುಟವನ್ನು ಅವರ ಕಡೆಗೆ ತಿರುಗಿಸಿ ಒಂದೊಂದೇ ಸಾಲನ್ನು ಓದಿ ಹೇಳಿದೆ. ಹೋದ ಸಲದ ಹನ್ನೆರಡು ಹಕ್ಕಿಗಳ ಪುಟವನ್ನೂ ತೋರಿಸಿದೆ. ‘ಇಷ್ಟು ನಷ್ಟ ಆಗಿತ್ತೆಂದು ಆಗಲೇ ಹೇಳಬಾರದಿತ್ತೇ?’ ಎಂದು ನೊಂದುಕೊಂಡರು. ನಾಲ್ಕರ ಬದಲು ಒಂದೇ ಸಾಕು, ಊಟದ ಕೋಣೆಯಲ್ಲಿ ಇಡುತ್ತೇವೆ ಎಂದು 1,500 ಮುಂಗಡ ಕೊಟ್ಟರು. ಹೂರಣ ಮುಗಿದಿದೆ, ತೂಕ 111 ಗ್ರಾಂ. ಕೊಕ್ಕು ಶುರು ಮಾಡಬೇಕು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಒಂದು ವಾರ ಮೊದಲು ಕೊಡುವುದೆಂದು ಹೇಳಿದ್ದೇನೆ.